ಒಳಗೆ ಕಾಣೋ ಡಬ್ಬಿ

ಅಲ್ಲ, ಅದು ಬೇಡ. ಆ ಕಪ್ಪುದನ್ನ ಕೆಳಗಿಡು ಲಿನಿಯಾ. ಈ ನೀಲಿದೇ ಇರಲಿ ಅಂತ ಆಗಲೇ ಹೇಳಿದೆನಲ್ಲ... ಯಾಕೆ ಅಂದ್ರೆ? ಯಾಕೆ ಅಂದ್ರೆ ಒಳಗೆ ಕಾಣುತ್ತೆ. ನೋಡು, ಕೈ ಹಾಕಿದೀನಿ. ಐದು ಬೆರಳೂ ಕಾಣ್ತಿವೆಯಲ್ಲ? ಅಷ್ಟೇ. ಉಪ್ಪೆಲ್ಲಿ, ಕಾಫಿಪುಡಿ ಎಲ್ಲಿ ಅಂತ ಹುಡುಕೋ ಹಾಗಿಲ್ಲ. ಆ ಕಪ್ಪು ಡಬ್ಬಿಯಾದ್ರೆ ಭುಜದ ತನಕ ಕೈ ತೂರಿಸಿ ತಡಕಾಡ್ಬೇಕು, ಕರು ಅಡ್ಡ ಸಿಕ್ಕಿಕೊಂಡಾಗ ದನದ ಡಾಕ್ಟ್ರು ತಡಕಾಡ್ತಾರಲ್ಲ, ಹಾಗೆ.

ಯಾಕೆ ನಗ್ತೀಯ? ಅಲ್ಲಲ್ಲ, ನಗು. ನಿಲ್ಲಿಸ್ಬೇಡ. ಫೆಬ್ರವರಿಯಿಂದ ಈಚೆಗೆ ಇದು ಮೂರನೇ ಸಲ ನೀನು... ಏನಿಲ್ಲ. ಎಣಿಸ್ತಿಲ್ಲ ಮಾರಾಯ್ತಿ. ಸುಮ್ನೆ ಬಾಯಿಗೆ ಬಂತು.

ಆ ಜಡೆ ಹಾಕ್ಕೊಂಡಿರೋ ಹೆಂಗಸು ಹೇಳಿದ್ದು ಕೇಳಿದೆಯಾ? ಅಂಗಡಿ ಅವರದ್ದೇ ಇರಬೇಕು, ಅಷ್ಟು ಭಕ್ತಿಯಿಂದ ಮಾತಾಡ್ತಾರೆ. ಈ ಡಬ್ಬಿಗಳನ್ನೆಲ್ಲ ಮೊಂಟಾನಾದಲ್ಲಿ ಸಾಕಿದ ಕರಡಿಗಳ ಮುಂದೆ ಊಟ ತುಂಬಿಸಿ ಇಟ್ಟು, ಒಡೀತಾವಾ ಅಂತ ಒಂದು ಗಂಟೆ ಪರೀಕ್ಷೆ ಮಾಡ್ತಾರಂತೆ. ಎಷ್ಟು ಕರಡಿ ಅಂತ ಕೇಳಿದೆ. 'ಕೆಲವು' ಅಂದ್ರು. ಕೆಲವು! ಹೊತ್ತು ಹೊತ್ತಿಗೆ ಮೀನು ತಿಂದು ಬೇಲಿಯೊಳಗೆ ಮಲಗೋ ಕೆಲವು ಕರಡಿ, ಅದೂ ಒಂದು ಗಂಟೆ. ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡ್ತಿದೀನಿ. ಇಂಥ ಪರೀಕ್ಷೆ ಮಾಡಿ ತಂದ ಹುಡುಗರಿಗೆ ನಾನು ಎಷ್ಟು ಕೊಡ್ತೀನಿ ಅಂತ ನಿನಗೆ ಗೊತ್ತು.

ಆದ್ರೂ ತಗೋಬೇಕು. ಪರ್ಮಿಟ್ಟಿನ ಮೇಲೇ ಬರೆದಿದೆ. ಬಿಷಪ್ ಪಾಸ್ ಬೆಟ್ಟದ ದಾರೀಲಿ ಕರಡಿ ಡಬ್ಬಿ ಇಲ್ಲದೆ ಸಿಕ್ಕಿಬಿದ್ರೆ ದಂಡ ಹಾಕಿ ವಾಪಸ್ ಕಳಿಸ್ತಾರೆ. ಕರಡಿಗೆ ಎಟುಕದ ಹಾಗೆ ಊಟದ ಚೀಲ ನೇತುಹಾಕೋಣ ಅಂದ್ರೆ ಮೇಲೆ ಮರವೇ ಇಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಸೌತ್ ಲೇಕಿಂದ ಹತ್ತೋಕೆ ಶುರು ಮಾಡ್ಬೇಕು, ಇವತ್ತು ಡಬ್ಬಿ ತಗೊಂಡು ತುಂಬಿಸಿ ಇಟ್ಕೋಬೇಕು. ಆದ್ದರಿಂದ ತಗೋತೀವಿ. ನಂಬಿಕೆಯಿಂದ ಅಲ್ಲ.

ಚಿಕ್ಕದಾ? ಯಾವ ಚಿಕ್ಕದು? ಅದಾ! ಅದು ಅಳಿಲಿಗೆ ಸಾಕು. ಇಬ್ಬರು, ನಾಲ್ಕು ರಾತ್ರಿ, ಐದು ಹಗಲು... ಹನ್ನೆರಡು ಸಾವಿರ ಅಡಿ ಎತ್ತರಕ್ಕೆ ಹತ್ತಬೇಕು. ಆ ಹೆಂಗಸೇ ಹೇಳಿದ್ರಲ್ಲ, ದೊಡ್ಡದೇ ಸರಿಯಾಗುತ್ತೆ, ಮೊದಲ ದಿನದ ಊಟ ಹೊರಗಿಟ್ಟುಕೊಂಡ್ರೆ ಅಂತ. ಅದೂ ಅಲ್ದೆ ಹಲ್ಲುಪೇಸ್ಟು, ತುಟಿಗೆ ಹಚ್ಚೋದು, ಬಿಸಿಲಿಗೆ ಹಚ್ಚೋದು, ವಾಸನೆ ಬರೋದೆಲ್ಲ ಒಳಗೇ ಹೋಗ್ಬೇಕು. ನಿನ್ನ ಮಾತ್ರೆ ಕೂಡ. ಚಿಕ್ಕದರಲ್ಲಿ ಎಲ್ಲಿ ಹಿಡಿಯುತ್ತೆ?

ಸರಿ, ಅರ್ಥವಾಯ್ತು. ಮುಖ ಹಾಗೆ ಮಾಡ್ಬೇಡ. ದೊಡ್ಡದರಲ್ಲಿ ಇರೋದೆಲ್ಲ ನನ್ನದೇ ಅಂದ್ಕೋ. ರೊಟ್ಟಿ ನಂದು, ಕಡಲೆಕಾಯಿ ಬೆಣ್ಣೆ ನಂದು, ಚೀಸು ನಂದು, ಒಣದ್ರಾಕ್ಷಿ ನಂದು. ಊರೆಲ್ಲ ದ್ರಾಕ್ಷಿ ಒಣಗಿಸೋ ಕಿಂಗ್ಸ್‌ಬರ್ಗಿನಲ್ಲಿ ಹುಟ್ಟಿ ಒಣದ್ರಾಕ್ಷಿ ಇಲ್ಲದೆ ಬೆಟ್ಟ ಹತ್ತಿದ್ರೆ ನಮ್ಮೂರವರು ಒಳಗೆ ಬಿಟ್ಟುಕೊಳ್ತಾರಾ? ನಾನು ದಡೂತಿ ಮನುಷ್ಯ, ತಿಂತೀನಿ. ನಿನಗೆ ಬೇಕಾದಾಗ ನಿನಗೆ ಬೇಕಾದ್ದು ತಗೋ. ನಾನು ಆ ಕಡೆ ತಿರುಗಿ ಕೂತ್ಕೋತೀನಿ. ಬೆಟ್ಟ ನೋಡ್ತಾ.

ಈ ತಿಂಗಳಲ್ಲಿ ಕರಡಿ ದಿನಕ್ಕೆ ಇಪ್ಪತ್ತು ಗಂಟೆ ತಿನ್ನುತ್ತಂತೆ, ಗೊತ್ತಾ? ತಿನ್ನು ಅಂತ ಯಾರೂ ಹೇಳಲ್ಲ, ಬೇಡ ಅಂತಲೂ ಯಾರೂ ಹೇಳಲ್ಲ. ಚಳಿಗಾಲ ಬರುತ್ತೆ, ಅದಕ್ಕೆ ಗೊತ್ತು, ತಿನ್ನುತ್ತೆ. ಅಷ್ಟು ಸುಲಭ... ಅಲ್ಲ ಕಣೇ, ಕರಡಿ ವಿಷಯ ಹೇಳಿದೆ. ಕರಡಿ ವಿಷಯ ಮಾತ್ರ. ಕರಡಿ ಡಬ್ಬಿ ಅಂಗಡೀಲಿ ನಿಂತು ಕರಡಿ ವಿಷಯ ಮಾತಾಡ್ಬಾರ್ದಾ?

ಇನ್ನೂ ಅದರ ಮೇಲೇ ಕೈ ಇಟ್ಕೊಂಡಿದೀಯ. ಆ ಕಪ್ಪು ಗುಂಡುಕಲ್ಲಿನ ಮೇಲೆ.

ಸರಿ, ಮಾತಾಡೋಣ. ಆ ಮುಚ್ಚಳ ತೆಗೆಯೋಕೆ ನಾಣ್ಯ ಬೇಕು. ಎರಡು ತಿರುಪು, ನಾಣ್ಯ ಹಾಕಿ ತಿರುಗಿಸ್ಬೇಕು. ನಾಣ್ಯ ಕಳೆದುಹೋಯ್ತು ಅಂತಿಟ್ಕೋ, ಹನ್ನೊಂದು ಸಾವಿರ ಅಡಿ ಮೇಲೆ, ಊಟ ಎದುರಿಗಿದೆ, ತೆಗೆಯೋಕೆ ಆಗಲ್ಲ, ಉಪವಾಸ ಸಾಯ್ತೀವಿ... ಅಲ್ಲ, ಅಂದ್ರೆ, ತೊಂದರೆ ಆಗುತ್ತೆ. ಚಾಕುವಿನ ಹಿಂಬದಿಯಲ್ಲೂ ತೆಗೀಬಹುದು, ಹೌದು. ಟೆಂಟಿನ ಮೊಳೆಯಲ್ಲೂ ತೆಗೀಬಹುದೇನೋ, ಇರಲಿ. ತೂಕ? ತೂಕ ಹೆಚ್ಚುಕಡಿಮೆ ಒಂದೇ. ನಾನೇ ಓದಿದೆ ಚೀಟಿ. ಮತ್ತೆ... ಬೆಲೆ ಆ ಕಪ್ಪುದರದ್ದೇ ಕಮ್ಮಿ, ಗೊತ್ತು, ಕಣ್ಣು ನನಗೂ ಇದೆ. ಗಟ್ಟಿ ಕೂಡ ಅದೇ ಅಂತೆ. ಈ ನೀಲಿದಕ್ಕೆ ಚಳಿಯಲ್ಲಿ ಮುಚ್ಚಳ ಬಿಗಿಯಾಗಿ ಬೆರಳು ನೋಯುತ್ತಂತೆ, ಅದನ್ನೂ ಹೇಳಿದ್ರು ಆಯಮ್ಮ. ಪ್ರಾಮಾಣಿಕರು. ವ್ಯಾಪಾರಕ್ಕೆ ಲಾಯಕ್ಕಿಲ್ಲ.

ಆದ್ರೂ ಇದೇ ಇರಲಿ.

ಯಾಕೆ ಅಂದ್ರೆ... ಆಗಲೇ ಹೇಳಿದೆನಲ್ಲ. ಉಪ್ಪು. ಕಾಫಿಪುಡಿ.

ಏನು ಹಾಗೆ ನೋಡ್ತಿದೀಯ? ನಿಮ್ಮಮ್ಮ ಹೀಗೇ ನೋಡ್ತಾಳೆ. ಹುಬ್ಬು ಒಂಚೂರು ಮೇಲೆ. ನಿನ್ನೆ ಗ್ಯಾರೇಜಿನಲ್ಲೂ ಹಾಗೇ ನಿಂತಿದ್ಲು. 'ಅವಳ ತಟ್ಟೆ ನೋಡದೆ ಐದು ದಿನ ಇರ್ತೀಯಾ?' ಅಂದ್ಲು. ಇರ್ತೀನಿ ಬ್ರಿಟಾ ಅಂದೆ. ನಿನ್ನ ಡಾಕ್ಟರ್ ಯಮಾನೆ ಎದುರಿಗೆ ಮಾತು ಕೊಟ್ಟಿದೀನಲ್ಲ? ನೀನೂ ಅಲ್ಲೇ ಕೂತಿದ್ದೆ. ಅವರು ಅಂದಿದ್ದು: 'ನಾನು ರಜೆ ಹೋಗ್ತಿದೀನಿ, ಈ ಮೂರು ವಾರ ಊಟ ಅವಳ ಕೈಯಲ್ಲಿ. ನೀವು ಕೇಳಕೂಡದು, ನೋಡಕೂಡದು, ಲೆಕ್ಕ ಇಡಕೂಡದು. ಅವಳೇ ನಡೆಸ್ಕೊಂಡು ಹೋದ್ರೆ ಬೆಟ್ಟಕ್ಕೆ ಹೋಗಿ ಬನ್ನಿ.' ನಾನು ಹೂಂ ಅಂದೆ. ಬೆಟ್ಟ ಕೇಳಿದ್ದು ನೀನು. ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು, ಆರು ವಾರದಲ್ಲಿ ನೀನಾಗಿ ಕೇಳಿದ್ದು ಅದೊಂದೇ. ಹೂಂ ಅನ್ನದೆ ಏನನ್ಲಿ?

ಮಾತು ಉಳಿಸ್ಕೊಂಡೆನಾ ಇಲ್ವಾ? ನೀನೇ ಹೇಳು. ಒಂದು ದಿನ ಕೇಳಿದೀನಾ, ತಿಂಡಿ ಆಯ್ತಾ ಅಂತ? 'ನೀನು ಕಾಲೇಜಿಗೆ ಹೋದ ಮೇಲೆ ತಿಂತೀನಿ ಅಪ್ಪ' ಅಂದೆ. ಸರಿ ಅಂತ ಚೀಲ ತಗೊಂಡು ಹೋದೆ. ಕಾರಿನಲ್ಲಿ ಕೂತು ಐದು ನಿಮಿಷ ಬೀಗದ ಕೈ ತಿರುಗಿಸ್ದೆ ಇರ್ತಿದ್ದೆ, ಆದ್ರೆ ಹೋಗ್ತಿದ್ದೆ. ಬಾಯಿ ಬಿಟ್ಟಿಲ್ಲ. ಬಿಡೋ ಅಗತ್ಯವೂ ಇರಲಿಲ್ಲ ಬಿಡು, ಅಷ್ಟು ಚೆನ್ನಾಗಿ ನಡೆಸ್ಕೊಂಡೆ ನೀನು. ನಿಜವಾಗ್ಲೂ. ದಿನಾ ಒಂದು ಬಟ್ಟಲು ಓಟ್ಸು, ಒಂದು ದಿನ ತಪ್ಪಲಿಲ್ಲ. ಕಡಲೆಕಾಯಿ ಬೆಣ್ಣೆ ಬಾಟಲಿ ಹದಿನಾಲ್ಕು ದಿನಕ್ಕೆ ಮುಗೀತು, ಎರಡನೇದು ಅರ್ಧಕ್ಕೆ ಬಂದಿದೆ, ನನಗೆ ಎಷ್ಟು ಖುಷಿ ಆಯ್ತು ಅಂದ್ರೆ...

ಅಯ್ಯೋ.

ಅಲ್ಲ, ಅದು... ಅಡುಗೆಮನೇಲಿ ಓಡಾಡ್ವಾಗ ಕಣ್ಣಿಗೆ ಬೀಳುತ್ತಲ್ಲ. ಬೀಳೋದನ್ನ ಬೇಡ ಅನ್ನೋಕಾಗುತ್ತಾ? ಕಣ್ಣು ಕಟ್ಕೊಂಡು ಕಾಫಿ ಮಾಡ್ಕೊಳ್ಲಾ?

ಮಾತಾಡು.

ಸರಿ. ಸರಿ! ಗೆರೆ ಹಾಕಿದ್ದೆ. ಪೆನ್ಸಿಲಿನಲ್ಲಿ, ಸಣ್ಣದಾಗಿ, ಓಟ್ಸ್ ಡಬ್ಬದ ಹಿಂದೆ, ಬಾಟಲಿ ಚೀಟಿಯ ಅಂಚಿನಲ್ಲಿ. ನೀನು ಮಲಗಿದ ಮೇಲೆ ಹೋಗಿ... ಕಳ್ಳನ ಹಾಗೆ. ಐವತ್ತೇಳು ವರ್ಷದ ಮೇಷ್ಟ್ರು, ಸ್ವಂತ ಅಡುಗೆಮನೇಲಿ, ತುದಿಗಾಲಲ್ಲಿ. ಹೌದು. ಲೆಕ್ಕ ಇಟ್ಟೆ. ಮಾತು ಕೊಟ್ಟ ದಿನವೇ ಶುರು ಮಾಡ್ದೆ. ಈ ಡಬ್ಬಿಯೂ ಅದಕ್ಕೇ. ಉಪ್ಪೂ ಇಲ್ಲ, ಮಣ್ಣೂ ಇಲ್ಲ. ಎಷ್ಟು ಇಳೀತು ಅಂತ ಹೊರಗಿಂದ ನೋಡೋಕೆ. ನಿನ್ನನ್ನ ಕೇಳದೆ, ಮುಚ್ಚಳ ತೆಗೀದೆ.

ಯಾಕೆ ಗೊತ್ತಾ? ಫೆಬ್ರವರಿಯಲ್ಲಿ ನೀನು ಬಚ್ಚಲಲ್ಲಿ ಬಿದ್ದ ದಿನ... ಅದಕ್ಕೆ ಹಿಂದಿನ ರಾತ್ರಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತಿದ್ವಿ. ನೀನು ಮಾಂಸ ಕತ್ತರಿಸಿ ಕತ್ತರಿಸಿ ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸ್ತಿದ್ದೆ. ನಾನು ಪರೀಕ್ಷೆ ಪೇಪರು ತಿದ್ದುತ್ತಾ, ಅವತ್ತಿನ ಹುಡುಗರ ದಡ್ಡತನ ವರ್ಣಿಸ್ತಿದ್ದೆ. ನಾನೇ ನಗ್ತಿದ್ದೆ ಕೂಡ. ಮರುದಿನ ನಿನ್ನ ಎತ್ತಿಕೊಂಡಾಗ... ಎತ್ತೋಕೆ ಅಂತ ಕಾಲು ಗಟ್ಟಿಯಾಗಿ ಊರಿದ್ದೆ ಕಣೇ. ಬೇಕಾಗ್ಲೇ ಇಲ್ಲ. ಒಗೆದ ಬಟ್ಟೆ ಬುಟ್ಟಿ ಎತ್ತಿದ ಹಾಗೆ ಬಂದುಬಿಟ್ಟೆ. ಒಂದು ಚಳಿಗಾಲ ಪೂರ್ತಿ ಅದೇ ಮನೇಲಿ ಎದುರಿಗೇ ಕೂತಿದ್ದೆ, ಆ ದೊಗಲೆ ಸ್ವೆಟರನ್ನ ನೋಡಿಕೊಂಡು. ನನಗೆ ಕಾಣ್ಲಿಲ್ಲ. ಇನ್ನೊಂದು ಸಲ ಕಾಣದೆ ಹೋದ್ರೆ... ಅದಕ್ಕೇ ಗೆರೆ. ಆಯ್ತಾ? ಹೇಳ್ಬಿಟ್ಟೆ.

ಈಗ ಬೈ. ಬೈಯಿ ಪರವಾಗಿಲ್ಲ, ಇಲ್ಲೇ ಬೈ. ಆಯಮ್ಮ ಕೇಳಿಸ್ಕೊಳ್ಲಿ. ಸುಳ್ಳ ಅನ್ನು. ಏನಾದ್ರೂ ಎತ್ತಿ ಹಾಕು ತಲೆ ಮೇಲೆ, ಕರಡಿಗೇ ಒಡೆಯೋಕಾಗದೆ ಇರೋದು ಕೈಯಲ್ಲೇ ಇದೆ.

ಯಾಕೆ ಬೈತಿಲ್ಲ?

ಲಿನಿಯಾ, ಗೆರೆ ಹಾಕಿದ್ದೆ ಅಂದೆ ನಾನು. ಮೂರು ವಾರ ನಿನ್ನ ಬೆನ್ನ ಹಿಂದೆ. ನೀನು ತೊಳೆದ ಪಾತ್ರೆ ನಾನು ಇನ್ನೊಂದು ಸಲ ತೊಳೆದ್ರೆ ಸಿಟ್ಟಿಗೇಳೋಳು ನೀನು. 'ಎಲ್ಲಿ' ಅಂತಲೂ ಕೇಳಲ್ಲ. 'ಯಾಕೆ ಅಪ್ಪ' ಅಂತಲೂ ಇಲ್ಲ. ನೆಲ ನೋಡ್ತಿದೀಯ. ಇದು ಸಿಟ್ಟಿನ ಮುಖ ಅಲ್ಲ. ಆಶ್ಚರ್ಯವೂ ಅಲ್ಲ...

ನಿನಗೆ ಗೊತ್ತಿತ್ತಾ?

ಯಾವಾಗಿಂದ? ಮೊದಲ ವಾರದಿಂದಲಾ? ಮೊದಲ ದಿನದಿಂದ?

ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ನನ್ನ ಗೆರೆ ನೋಡಿದ್ದೀಯ. ದಿನಾ ನೋಡಿದ್ದೀಯ. ಹಾಗಾದ್ರೆ... ತಾಳು. ತಾಳು. ಎರಡು ಬೆರಳಿನಷ್ಟು. ಓಟ್ಸು ದಿನಾ ಎರಡು ಬೆರಳಿನಷ್ಟು ಇಳೀತಿತ್ತು. ಸೋಮವಾರ ಎರಡು, ಮಂಗಳವಾರ ಎರಡು, ಭಾನುವಾರವೂ ಎರಡು. ಡಬ್ಬ ಖಾಲಿಯಾಗಿ ಹೊಸದು ತಂದ್ರೆ, ಅದರಲ್ಲೂ ಎರಡು. ಒಂದು ದಿನ ಹೆಚ್ಚು ಹಸಿವಾಗ್ಲಿಲ್ಲ, ಒಂದು ದಿನ ಬೇಜಾರಾಗ್ಲಿಲ್ಲ, ಒಂದು ದಿನ ರೊಟ್ಟಿ ತಿನ್ನೋಣ ಅನ್ನಿಸ್ಲಿಲ್ಲ. ಇಪ್ಪತ್ತೊಂದು ದಿನ, ಸ್ಕೇಲ್ ಇಟ್ಟು ಎಳೆದ ಹಾಗೆ. ಮನುಷ್ಯರು ಹಾಗೆ ತಿನ್ನಲ್ಲ. ಯಾವ ಮನುಷ್ಯರೂ ಹಾಗೆ ತಿನ್ನಲ್ಲ! ನನ್ನ ಕ್ಲಾಸಿನ ಹುಡುಗ ಇಂಥ ಅಂಕಿ ತಂದಿದ್ರೆ, ಎಲ್ಲಿ ಕೂತು ಬರೆದೆಯಪ್ಪ ಇದನ್ನ ಅಂತ ಮುಖಕ್ಕೆ ಎಸೀತಿದ್ದೆ. ನಾನು... ನಾನು ನೋಡಿ ಖುಷಿಪಟ್ಟೆ. ಕಾಲೇಜಿನಲ್ಲಿ ಡೋನಟ್ ಹಂಚಿದೆ.

ಓಟ್ಸು ಎಲ್ಲಿ ಹೋಯ್ತು, ಲಿನಿಯಾ?

ಬೇಡ, ಹೇಳ್ಬೇಡ. ಸಿಂಕಿಗಾ? ಕಸಕ್ಕಾ? ಹೇಳ್ಬೇಡ ಅಂದ್ನಲ್ಲ. ಸ್ವಲ್ಪವಾದ್ರೂ... ಅರ್ಧವಾದ್ರೂ ಹೊಟ್ಟೆಗೆ... ಇಲ್ಲ. ಹೇಳು. ಹೇಳಮ್ಮ.

ಹಾಂ? ಇಲ್ಲ ಮೇಡಂ, ಇನ್ನೂ ಇಲ್ಲ. ಇನ್ನೂ ಯೋಚಿಸ್ತಿದೀವಿ. ಇಲ್ಲ, ಅವಳಿಗೆ ಏನೂ ಆಗಿಲ್ಲ, ಒಂಚೂರು ಸುಸ್ತು, ಬೆಟ್ಟಸಾಲು ಸುತ್ತು ಹಾಕ್ಕೊಂಡು ಏಳು ಗಂಟೆ ಕಾರಿನಲ್ಲಿ ಬಂದ್ವಿ. ಥ್ಯಾಂಕ್ಸ್. ಕುರ್ಚಿ... ಹೌದು, ಕುರ್ಚಿ ಇದ್ರೆ ಒಳ್ಳೇದು. ಎರಡು.

ಕೂತ್ಕೋ. ಆ ಸ್ವೆಟರ್... ಆಗಸ್ಟ್ ತಿಂಗಳಲ್ಲಿ ಸ್ವೆಟರ್ ಹಾಕಿದೀಯ. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು ಬಂದೆ. ಮೇಲೆ ಚಳಿ ಇರುತ್ತೆ ಅಂತ ಹಾಕ್ಕೊಂಡಿದ್ದಾಳೆ, ಜಾಣೆ, ಅಂದ್ಕೊಂಡೆ.

ನಾಳೆ ಹತ್ತೋಕಾಗುತ್ತಾ ನಿನ್ನ ಕೈಲಿ? ನಿಜ ಹೇಳು. ಹೋಗದಿದ್ರೆ ನಿನಗೆ ಇರೋದು ಅದೊಂದೇ ಆಸೆ, ಅದನ್ನೂ ನಾನೇ ಕಿತ್ತುಕೊಂಡ ಹಾಗೆ. ಹೋದ್ರೆ... ಅಲ್ಲಿ ಮೇಲೆ, ಫೋನೂ ಸಿಗಲ್ಲ, ರಸ್ತೆ ಒಂದು ದಿನದ ನಡಿಗೆ... ನನಗೆ ಗೊತ್ತಾಗ್ತಿಲ್ಲ ಕಣೇ. ಯಾವ ಡಬ್ಬಿ ಅಂತಲೂ ಗೊತ್ತಾಗ್ತಿಲ್ಲ. ಕಪ್ಪುದೇ ತಗೋ ಬೇಕಿದ್ರೆ. ಒಳಗೆ ಕಂಡು ಏನು ಮಾಡ್ದೆ ನಾನು?

ಡಾಕ್ಟ್ರ ಆಸ್ಪತ್ರೆಗೆ ಫೋನ್ ಮಾಡ್ಲಾ? ಅವರ ಬದಲಿಗೆ ಯಾರಾದ್ರೂ ಇರ್ತಾರೆ. ಮಾತಾಡ್ಬೇಡ, ಮಾತು ಬೇಡ. ತಲೆ ಆಡಿಸಿದ್ರೂ ಸಾಕು. ಹೌದು ಅಂತಲೋ, ಬೇಡ ಅಂತಲೋ.

ಯಾವ ಕಡೆಗೆ ಆಡಿಸಿದೆ? ಆಡಿಸಿದೆ ತಾನೆ? ಕಣ್ಣು ಮಂಜಾಗಿದೆ, ಸರಿಯಾಗಿ ಕಾಣ್ಲಿಲ್ಲ ಮಗಳೇ... ಇನ್ನೊಂದು ಸಲ.