ಹಸಿರು ಬಾಣದ ದಾರಿ

ಉದ್ಯಾನದ ಗುಡ್ಡದ ಬುಡದಲ್ಲಿ ಮಾಲಿ ದಾರಿಫಲಕಕ್ಕೆ ಬಣ್ಣ ಬಳಿಯುತ್ತಿದ್ದ. ಕೆಂಪು ಬಾಣ ಗುಡ್ಡದ ನೆತ್ತಿಗೆ, ಹಸಿರು ಬಾಣ ಮರಗಳ ನಡುವಿನ ಸಲೀಸು ದಾರಿಗೆ. ಬೆನ್ನ ಹಿಂದೆ ವಯಸ್ಸಾದ ಗಂಡ ಹೆಂಡತಿಯ ಮಾತು ಕೇಳಿಸಿತು.

"ಕೆಂಪು ದಾರೀಲೇ ಹೋಗೋಣ ಕಣೆ. ಮೂವತ್ತು ವರ್ಷ ಹತ್ತಿಲ್ವಾ?"

"ನನ್ನ ಮಂಡಿ ಹಿಡ್ಕೊಂಡಿದೆ."

"ಸರಿ, ನಿನಗೋಸ್ಕರ ಹಸಿರೇ ಆಗಲಿ."

ಆಕೆ ಕುಂಟುತ್ತ ನಲ್ಲಿಯತ್ತ ನೀರಿಗೆ ಹೋದಳು.

"ಅಮ್ಮನಿಗೆ ನೋವು ಜಾಸ್ತಿನಾ ಯಜಮಾನ್ರೇ?" ಮಾಲಿ ಕೇಳಿದ.

"ಅವಳು ಗುಂಡುಕಲ್ಲಿನ ಹಾಗಿದಾಳೆ. ಎದೆ ಕೊಯ್ಸಿಕೊಂಡೋನು ನಾನು. ಹೋಗುವಾಗ ಬಲಗಾಲು ಕುಂಟಿದ್ಲು. ನೋಡ್ತಿರು, ಬರುವಾಗ ಎಡಗಾಲು."

"ಗೊತ್ತು ಅಂತ ಹೇಳಬಾರದಾ?"

"ಹೇಳಿಬಿಟ್ರೆ, ನಾಳೆಯಿಂದ ನಾನು ಯಾರ ನೆಪದಲ್ಲಿ ನಿಧಾನ ನಡೀಲಿ?"

ಆಕೆ ಎಡಗಾಲು ಎಳೆಯುತ್ತ ಬಂದಳು. ಆತ ತೋಳು ಚಾಚಿದ.

"ಮೆಲ್ಲಗೆ ಕಣೆ, ಮಂಡಿ ಜೋಪಾನ."

ಇಬ್ಬರೂ ಹಸಿರು ಬಾಣದ ದಾರಿ ಹಿಡಿದರು.