ಭೀಮಕ್ಕ ಇನ್ನೂ ಉಂಡಿಲ್ಲ

ರವಿವಾರ ಪೇಟೆಯ ಆ ಮನೆಯಲ್ಲಿ ಒಬ್ಬರ ಹತ್ತಿರ ಒಬ್ಬರು ಕೂರುವುದೆಂದರೆ ಕರೆಂಟು ಹೋದಾಗ ಮಾತ್ರ. ಆ ರಾತ್ರಿ ಜಡಿಮಳೆ ಹಿಡಿದು ಕರೆಂಟು ಹೋಗಿತ್ತು. ಕೆಳಗೆ ಅಪ್ಪ ಪ್ರಸಾದ ಕಿರಾಣಿ ಅಂಗಡಿಯ ಬಾಗಿಲೆಳೆದು ಮೇಲೆ ಬಂದು ಅಡ್ಡಾಗಿದ್ದ, ಮೊಬೈಲಿನ ಚಾರ್ಜೂ ತೀರಿತ್ತು. ಆಗ ಸಾಕ್ಷಿಗೂ ತಮ್ಮ ಆಕಾಶನಿಗೂ ಆಯಿಯ, ಅಪ್ಪನ ತಾಯಿಯ, ನೆನಪಾಯಿತು. ನಂದಗಡದ ಮನೆಗೆ ಬೀಗ ಹಾಕಿ ಚಂದ್ರವ್ವಾಯಿಯನ್ನು ಬೆಳಗಾವಿಗೆ ಕರೆತಂದು ವರ್ಷವಾಗಿತ್ತು. ಅವಳ ಹತ್ತಿರ ಎಷ್ಟು ಸಲ ಕೂತಿದ್ದೇನೆ ಎಂದು ನೆನೆದು ಸಾಕ್ಷಿಗೆ ನಾಚಿಕೆಯಾಯಿತು.

"ದೆವ್ವದ ಕತಿ ಹೇಳ ಆಯಿ," ಎಂದ ಆಕಾಶ.

"ಬರ್ರಿ, ಹತ್ತರ ಕುಂದರ್ರಿ. ದೂರ ಕುಂತ್ರ ನಾ ಒದರಬೇಕಾಗ್ತೈತಿ... ನಮ್ಮತ್ತಿ ಭೀಮಕ್ಕ, ನಿಮ್ಮಪ್ಪನ ಆಯಿ, ತೊಂಬತ್ತು ದಾಟಿ ಬದುಕಿದಾಕಿ. ಗಂಡ ಲಗೂನ ಹೋದ. ತನ್ನ ಮಕ್ಕಳನ್ನಷ್ಟ ಅಲ್ಲ, ಮೈದುನನ ಮಕ್ಕಳನ್ನೂ ಜ್ವಾಪಾನ ಮಾಡಿದ್ಳು. ಭತ್ತದ ಗದ್ದಿ ಆಕೀದ, ಎಮ್ಮಿ ಹೈನ ಆಕೀದ, ಸಂತಿಗೆ ಬುಟ್ಟಿ ಹೊರೂದೂ ಆಕೀದ. ಸಿಟ್ಟ ಬಂದ್ರ ಬೈಗಳದ ಸುರಿಮಳಿ! ಖರೇ, ಎಲ್ಲಾರಕಿಂತ ಮೊದಲ ಒಂದ ದಿನಾನೂ ಉಂಡಾಕಿ ಅಲ್ಲ. ಗಂಗಾಳ ಹಿಡಕೊಂಡ ಹೊಸ್ತಿಲದಾಗ ನಿಂತ ಒದರತಿದ್ಳು: 'ಯಾರರ ಉಣ್ಣಾಕ ಉಳದೀರೇನ?' ಹಾದಿ ಹೋಕರಿಗೂ ಕೇಳಬೇಕು, ಹಂಗ... 'ಎಲ್ಲಾರದೂ ಆಗೇತ್ರಿ ಅತ್ತಿ, ನೀವು ಕುಂದರ್ರಿ' ಅಂತ ನಾ ಅಂದಮ್ಯಾಲನ ಆಕಿ ತುತ್ತ ಎತ್ತೂದು.

"ಆಕಿ ತೀರಿದ ವರ್ಷ ಮಾನೌಮಿ ಅಮಾಸಿಗೆ, ಹಿರ್ಯಾರ ಹಬ್ಬಕ್ಕ, ಆಕೀ ಹೆಸರಲೆ ಹೊಸಾ ಇಳಕಲ್ ಸೀರಿ ಏರಿಸಿ ಎಡಿ ಹಿಡದ್ವಿ. ಹಿರ್ಯಾರು ಉಣ್ಣೂತನಕ ಮನ್ಯಾಗ ಯಾರೂ ಉಣ್ಣಬಾರದು, ಪದ್ಧತಿ. ಬರೋಬ್ಬರಿ ಮಾಡಿದ್ವಿ... ಅಲ್ಲೇ ತಪ್ಪಿತು ನೋಡ್ರಿ. ಮನೀ ಮಂದಿ ಉಪಾಸ ನಿಂತಾಗ ಆಕೀ ಗಂಟಲದಾಗ ಹೋಳಿಗಿ ಇಳದೀತೇನ? ಆಕಿ ಉಣ್ಣಲಿ ಅಂತ ಬಾಗಲಾ ಮುಚ್ಚಿ ಎಲ್ಲಾರೂ ಹೊರಗ ನಿಂತಿದ್ವಿ. ಒಳಗಿಂದ ದನಿ ಬಂತು... 'ಯಾರರ ಉಣ್ಣಾಕ ಉಳದೀರೇನ?' ಬೇಕಾದ್ರ ನಿಮ್ಮಪ್ಪನ್ನ ಕೇಳ್ರಿ."

ಒಳಕೋಣೆಯಲ್ಲಿ ಪ್ರಸಾದ ಕೆಮ್ಮಿದ. ಇಲ್ಲ ಎನ್ನಲಿಲ್ಲ.

"ಗಡಿಬಿಡೀಲೆ ಎಲ್ಲಾರೂ ಉಂಡ್ವಿ. ನಾ ಹೊಸ್ತಿಲಕ್ಕ ಹೋಗಿ, 'ಎಲ್ಲಾರದೂ ಆಗೇತ್ರಿ ಅತ್ತಿ' ಅಂದೆ. ಹೋದ್ಳು. ಮರುದಿನಾ ಮತ್ತ ಬಂದ್ಳು! ಅವತ್ತಿಂದ ದಿನಾ ಬರತಾಳ. ಈ ಮನೀನೂ ಹುಡಿಕ್ಯಾಡಿ ಬಂದ್ಳು. ಆದ್ರ ಹೆದರಬ್ಯಾಡ್ರಿ, ಎಲ್ಲಾರೂ ಉಂಡ್ರು ಅಂದ್ರ ಹೋಗಿಬಿಡತಾಳ."

"ಹಂಗಾರ ನೀನೂ ಉಣ್ಣ ಆಯಿ. ನಿಂದೊಂದ ಉಳದೈತಿ," ಎಂದು ಸಾಕ್ಷಿ ರೊಟ್ಟಿಯ ತಾಟು ತಂದಿಟ್ಟಳು. ಅವ್ವನೂ ಸೇರಿ ಉಳಿದವರದೆಲ್ಲ ಊಟವಾಗಿತ್ತು, ಅವಳಿಗೆ ನಿಜಕ್ಕೂ ಭಯವೂ ಆಗಿತ್ತು.

ಆಯಿ ತಾಟು ಬದಿಗೆ ಸರಿಸಿದಳು.

"ನಿಮ್ಮಪ್ಪ ಅಂಗಡ್ಯಾಗ, ನಿಮ್ಮವ್ವ ಆಫೀಸನ್ಯಾಗ, ನೀವು ಮೊಬೈಲನ್ಯಾಗ. ಒಬ್ಬೊಬ್ಬರು ಒಂದೊಂದ ಹೊತ್ತಿಗೆ ಉಂಡ ಏಳ್ತೀರಿ. ನನ್ನ ಕೂಡ ಮಾತಾಡೂರು ಯಾರದಾರ, ಹೇಳ್ರಿ? ನಾ ಉಂಡ್ರ ನಮ್ಮತ್ತೀನೂ ಹೋಗ್ತಾಳ... ನಾ ಉಣ್ಣೂತನಕ ಕುಂದರತಾಳ. ಹಳೇದೆಲ್ಲಾ ಮಾತಾಡತೀವಿ. ಪಾಪ, ಆಕೀಗೂ ಹಸಿವಿ ಐತಿ, ನನಗ ಗೊತ್ತಿಲ್ಲೇನ? ಖರೇ, ಒಬ್ಬಾಕೀನ ನಾ ಹೆಂಗಿರ್ಲಿ?"

ಮಳೆ ಸುರಿಯುತ್ತಲೇ ಇತ್ತು. ಆಯಿ ಹೊಸ್ತಿಲ ಮೇಲೆ ಕೂತಿದ್ದ ಆಕಾಶನ ಕಡೆ ನೋಡಿದಳು.

"ಆಕಾಶಾ, ಹೊಸ್ತಿಲ ಬಿಟ್ಟ ಒಂದೀಟ ಈಕಡೆ ಸರೀಪಾ... ಆಕೀ ಸೆರಗ ನಿನ್ನ ಕೆಳಗ ಸಿಕ್ಕೈತಿ."