ತೊಗರಿ ಹುಳುವಿನ ತಳಿ

ಔರಾದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಕುರಿ ಸಾಕುವ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಹೊಸ ಕೀಟನಾಶಕದ ಡಬ್ಬಿ.

"ಇದು ನಮ್ಮ ಹೊಲಕ್ಕ ಬ್ಯಾಡ್ರಿ. ವಾಪಸ್ ಕೊಟ್ಟು ಬರ್ರಿ."

"ಹಳೇ ದವಾಕ್ಕ ಹುಳ ಸಾಯವಲ್ದು, ಸಿದ್ದೇಶ್ವರಿ. ತೊಗರಿಕಾಯಿ ಪೂರಾ ತಿಂತದ. ಇದು ಜೋರ್ ಅದ."

"ಆ ಹುಳ ಗಟ್ಟಿ ಮಾಡಿದವ್ರು ನಾವೇರಿ."

"ನಾವ್ ಹ್ಯಾಂಗ?"

"ನೀವು ಬೀಜಕ್ಕ ಎಂಥಾ ಟಗರು ಬಿಡ್ತೀರಿ?"

"ಗಟ್ಟಿದು ನೋಡಿ ಬಿಡ್ತೇನಿ. ಬಾಕಿದು ಮಾರ್ತೇನಿ."

"ಹುಳಕ್ಕೂ ಅದೇ ಮಾಡೇವ್ರಿ. ದವಾ ಹೊಡದ್ರ ಕಸುವಿಲ್ಲದವು ಸತ್ತವು. ತಡಕೊಂಡವು ಉಳದು ತತ್ತಿ ಇಟ್ಟವು. ಮರಿನೂ ಅಂಥವೇ ಹುಟ್ಟಿದವು. ವರ್ಷಾ ವರ್ಷಾ ನಾವೇ ಆರಿಸಿ ಸಾಕೇವಿ. ಈ ಜೋರ್ ದವಾ ತಡಕೊಳ್ಳೋವೂ ಒಂದೆರಡು ಇರ್ತಾವು, ಮುಂದ ಹೊಲ ಅವುಗಳದೇ."

"ಹಂಗಂತ ಬೆಳಿ ಹುಳಕ್ಕ ಕೊಟ್ಟು ಕುಂದರ್ಲೇನು?"

"ಗಿಡದ ಬುಡಕ್ಕ ಚಾದರ ಹಾಸಿ, ಗಿಡ ಅಳ್ಳಾಡಿಸಿ ಝಾಡಸೂಣು. ಗಟ್ಟಿದೂ ಬೀಳ್ತದ, ಕಸುವಿಲ್ಲದ್ದೂ ಬೀಳ್ತದ. ಎಲ್ಲಾ ಕೋಳಿಗೆ ಹಾಕ್ತೇನಿ."

"ಊರಾಗ ಎಲ್ಲಾರೂ ದವಾ ಹೊಡಿತಾರ. ನಮಗ ನೋಡಿ ನಗ್ತಾರ."

"ನಗಲಿ. ನಾನು ಹುಳದ ತಳಿ ಸಾಕಂಗಿಲ್ಲ."

ಬಸ್ ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಡಬ್ಬಿ ಹಿಡಿದು ಕೆಳಗೇ ನಿಂತಿದ್ದ.

"ಝಾಡಸಿದ್ರೂ ಗಿಡಕ್ಕ ಕಚ್ಚಿಕೊಂಡು ಕುಂದರೋ ಹುಳ ಹುಟ್ಟಿದ್ರ?"

"ಹುಟ್ಟಲಿ, ಕೈಲೆ ಆರಿಸ್ತೇನಿ. ಕೋಳಿ ಕೊಕ್ಕು ತಡಕೊಳ್ಳೋ ಹುಳ ಹುಟ್ಟಿದ ದಿನ ನನಗ ಹೇಳ್ರಿ!"

ಅವನು ಡಬ್ಬಿ ವಾಪಸ್ ಕೊಡಲು ಅಂಗಡಿಯ ಕಡೆ ಹೆಜ್ಜೆ ಹಾಕಿದ. ಅವಳು ತನ್ನ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, ಕಂಡಕ್ಟರನಿಗೆ ಜೋರು ಮಾಡಿ, ಹೊರಡಲಿದ್ದ ಬಸ್ಸನ್ನು ಗಂಡ ಬರುವ ತನಕ ನಿಲ್ಲಿಸಿದಳು.